ಕುಸಿದುಹೋದ ಜಗತ್ತುಗಳು

ನನ್ನ ಬಲಮೂಗಿನಲ್ಲಿ ಮುಚ್ಚಿಹೋದ ತೂತಿನ ಗುರುತಿದೆ. ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ, ಸಾವಿನ ಕಣ್ಣಿಗೆ ಬೀಳದಿರಲೆಂದು ಮೂಗು ಚುಚ್ಚಿಸಿದ್ದರಂತೆ. ಅಜ್ಜಿ ಹೇಳಿದ್ದು ಅಷ್ಟೇ. ಅವ್ವ ಆ ಸುದ್ದಿ ಎತ್ತಿದವಳೇ ಅಲ್ಲ. ಊರಿಗೆಲ್ಲ ನಾನೇ ಅವಳ ಹಿರಿಮಗ. ಆದರೂ ಬನವಾಸಿಯ ನಮ್ಮ ಮನೆಯ ಬಾಗಿಲು ದೂಡಿದಾಗೆಲ್ಲ, ಒಳಗೆ ಕೂತವರು ಯಾರೋ ಸರಿದು ಜಾಗ ಬಿಟ್ಟಂತಾಗುತ್ತದೆ. ವಿಜ್ಞಾನ ಓದಿದವನಿಗೆ ಇದೆಂಥ ಭ್ರಮೆ ಎಂದು ನಗುವವರು ನಗಲಿ. ನನಗೆ ಹೆದರಿಕೆಯಾಗುತ್ತದೆ.

ಶಿರಸಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೇರೆ ಕಣಗಳಿಗೆ ದ್ರವ್ಯರಾಶಿ ಕೊಡುವ ಕಣವೊಂದಿದೆ. ಲೆಕ್ಕದ ಪ್ರಕಾರ ಅದು ಭಾರಿ ತೂಕದ್ದಾಗಬೇಕಿತ್ತು, ಆಗಿಲ್ಲ. ಯಾಕೆಂಬುದಕ್ಕೆ ಮೊನ್ನೆ ತರಗತಿಯಲ್ಲಿ ಒಂದು ಊಹೆ ಹೇಳಿದೆ. ವಿಶ್ವ ಮೊದಮೊದಲು ಭರ್ರೆಂದು ಉಬ್ಬುವಾಗ ಅದರ ಒಂದೊಂದು ತುಂಡಿನಲ್ಲಿ ಆ ತೂಕ ಒಂದೊಂದು ಥರ ಬಿತ್ತು. ಹದ ತಪ್ಪಿದ ತುಂಡುಗಳು ಕುಸಿದು ಇಲ್ಲವಾದವು. ಹದಕ್ಕೆ ಬಂದದ್ದು ಉಳಿಯಿತು, ಅದರಲ್ಲಿ ನಾವಿದ್ದೇವೆ.

ಸಿದ್ದಾಪುರದ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಹಂಗಾರೆ ಕುಸಿದು ಹೋದವು ಲೆಕ್ಕಕ್ಕೇ ಇಲ್ಯಾ ಸರ್?"

"ಇಲ್ಲ" ಎಂದೆ. ಕೈ ತಾನಾಗಿ ಮೂಗಿಗೆ ಹೋಗಿತ್ತು.

ಶನಿವಾರ ಊರಿನ ಬಸ್ಸು ಹತ್ತಿದೆ. ಅಜ್ಜಿಯೂ ಅಪ್ಪನೂ ಈಗಿಲ್ಲ. ಅವ್ವ ಹೇಳದಿದ್ದರೆ ಆ ಕೂಸುಗಳ ಸುದ್ದಿ ನನಗಿನ್ನು ಸಿಗುವುದಿಲ್ಲ. ಮನೆ ಮುಟ್ಟಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಎಂದಿನಂತೆ ಮೊದಲ ರೊಟ್ಟಿಯ ಮೂರು ಚೂರು ಮುರಿದು ಕಿಟಕಿಯಲ್ಲಿಟ್ಟಳು. ಅದು ಹಕ್ಕಿಗಳಿಗೆ ಎಂದೇ ನಾನು ತಿಳಿದಿದ್ದೆ. ನೇರವಾಗಿ ಕೇಳುವ ಧೈರ್ಯ ಬರಲಿಲ್ಲ, ಪಾಠದ ಕತೆಯನ್ನೇ ಹೇಳಿದೆ.

"ಕುಸಿದು ಹೋದವು ಎಷ್ಟೊತ್ತು ಇದ್ವು?" ಎಂದಳು.

"ಕಣ್ಣು ಮುಚ್ಚಿ ತೆಗಿಯೋದ್ರಾಗ ಹೋದ್ವು ಅವ್ವ. ಅವನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹಿಡೀದಿದ್ರ ಏನಾತು? ಇದ್ವಲ್ಲೋ."

ಅವಳು ಒಲೆಯ ಕಡೆಯೇ ಮುಖ ಮಾಡಿಕೊಂಡು ಹೇಳಿದಳು: "ದೊಡ್ಡಾಕಿ ನಗತಿದ್ಲು. ಆಮ್ಯಾಲಿನಾಂವ ಮೊಲಿ ಹಿಡೀಲೇ ಇಲ್ಲ. ಇನ್ನೊಂದರ ಮಾರಿ ನಾ ನೋಡ್ಲಿಲ್ಲ. ನಿಮ್ಮಜ್ಜಿ ತೋರಸ್ಲಿಲ್ಲ."

ಕಿಟಕಿಯಲ್ಲಿದ್ದ ಚೂರುಗಳ ಕಡೆ ನೋಡಲಾಗಲಿಲ್ಲ.

"ಹಂಗಾದ್ರ ನಾನು?"

"ನೀ ನಾಕನೇದಾಂವ" ಎಂದು, ಅವ್ವ ಆ ಮೊದಲ ರೊಟ್ಟಿಯಲ್ಲಿ ಉಳಿದದ್ದನ್ನು ನನ್ನ ತಾಟಿಗೆ ಹಾಕಿದಳು.