ಎಳೆ ಪಾಕದ ತನಕ

ಬಾಕ್ಸ್ ಹಿಲ್‌ನ ಬಾಡಿಗೆ ಮನೆಯ ಹಿತ್ತಲಿನ ಮೇಪಲ್ ಮರದಿಂದ ಚಳಿಗಾಲದಲ್ಲಿ ಎರಡು ವಾರ ಹಿಡಿದಿಟ್ಟ ಸಿಹಿ ರಸವನ್ನು ಮೊದಲ ಬಾರಿ ಸಿರಪ್ ಮಾಡಲು ಕುದಿಸುತ್ತಿದ್ದೆ. ಅಂದು ಭಾನುವಾರವೆಂದು ನನ್ನ ನೆನಪು. ಅದನ್ನು ಪೂರ್ತಿ ನಂಬಬೇಡಿ. ಮಗಳಿಗೆ ಸೈಕಲ್ ಕಲಿಸುವ ಮಾತು ಕೊಟ್ಟಿದ್ದೆ. ಬೆಳಿಗ್ಗೆಯಿಂದ ಒಲೆ ಬಿಟ್ಟು ಕದಲಲಾಗಿರಲಿಲ್ಲ. ಆವಿ ಕಟ್ಟಿದ ಕಿಟಕಿಯಲ್ಲಿ ಹೊರಗೇನೂ ಕಾಣುತ್ತಿರಲಿಲ್ಲ.

"ಅಪ್ಪಾ, ಯೂ ಸೆಡ್ ಟೆನ್ ಮಿನಿಟ್ಸ್!"

"ಎಳೆ ಬರ್ಲಿ ಪುಟ್ಟಾ, ಹೊರಟೇಬಿಡೋಣ."

ಲಾಡುವಿನ ಪಾಕದಂತೆ ಹನಿಯನ್ನು ಬೆರಳುಗಳ ನಡುವೆ ಎಳೆದೆಳೆದು ನೋಡುತ್ತಿದ್ದೆ. ಈ ಸಿರಪ್ಪನ್ನು ಎಳೆ ಬರುವ ಮೊದಲೇ ಇಳಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಎಳೆ ಬಂತು. ಇಳಿಸಿ ಆರಿಸುವಷ್ಟರಲ್ಲಿ ಪಾತ್ರೆಯ ತಳದಲ್ಲಿ ಸಕ್ಕರೆ ಕಲ್ಲಿನಂತೆ ಹೆಪ್ಪುಗಟ್ಟಿತು.

ಎರಡು ವಾರದ ರಸವನ್ನು ಎಸೆಯಲು ಮನಸ್ಸಾಗಲಿಲ್ಲ. ನೀರು ಸುರಿದು ಮತ್ತೆ ಒಲೆ ಹಚ್ಚಿದೆ. ಅದನ್ನು ನೋಡಿದ ಮಗಳು ತನ್ನ ಕೋಣೆಗೆ ಹೋದಳು.