ಬೀಜ ಎಣ್ಣೆ ಬಿಡುವ ಹೊತ್ತು

ಅವರಿಗೆ ಹೇಸಿಗೆಯಾದಾಗ ಮೂಗಿನ ಒಂದೇ ಹೊಳ್ಳೆ ಮೇಲಕ್ಕೇಳುತ್ತಿತ್ತು, ಮೂಗುಬೊಟ್ಟು ಇದ್ದ ಎಡಗಡೆಯದು. ಬಿಳಿ ಹರಳಿನ ಆ ಬೊಟ್ಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಸಾಕು, ಎದುರಿಗಿದ್ದವರು ತಮ್ಮ ಕೈ, ಸೆರಗು, ಕಾಲು ನೋಡಿಕೊಳ್ಳುತ್ತಿದ್ದರು.

ಅವರು ನಮ್ಮೂರಿನ ದಿನಸಿ ಅಂಗಡಿಯವರ ಹೆಂಡತಿ. ಊರು ನಂಜನಗೂಡಿನ ಹತ್ತಿರದ್ದು, ಹೆಸರು ಬೇಡ, ನಮ್ಮ ನೆಂಟರು ಇನ್ನೂ ಅಲ್ಲೇ ಇದ್ದಾರೆ. ನಮ್ಮ ಮನೆ ಊರಾಚೆಯ ಕೇರಿಯಲ್ಲಿತ್ತು. ಅವ್ವ ಅವರ ಹಿತ್ತಲ ಕೆಲಸಕ್ಕೆ ಹೋಗುತ್ತಿದ್ದಳು. ಅವರನ್ನು ನಾವೆಲ್ಲ ಅಮ್ಮೋರು ಎನ್ನುತ್ತಿದ್ದೆವು. ಅವರ ಹಿತ್ತಲ ಬಾಗಿಲ ಹೊಸಿಲನ್ನು ಮಾತ್ರ ನಮ್ಮಲ್ಲಿ ಯಾರೂ ದಾಟಿದವರಲ್ಲ.

ತೊಂಬತ್ತರ ದಶಕದ ಮಾತು. ಅಮ್ಮೋರ ಒಬ್ಬನೇ ಮಗ ಹುಟ್ಟಾ ಸಣಕಲ, ಹಾಲು ಕಂಡರೆ ಓಕರಿಸುತ್ತಿದ್ದ. ಮೈಸೂರಿನ ಡಾಕ್ಟರೊಬ್ಬರು ಕಡ್ಲೆಕಾಯಿ ಬೀಜವನ್ನು ನುಣ್ಣಗೆ ಅರೆದು ರೊಟ್ಟಿಗೆ ಸವರಿ ಕೊಡಿ ಎಂದಿದ್ದರಂತೆ. ಅಮ್ಮೋರು ಅದನ್ನು ಬೀಜದ ಬೆಣ್ಣೆ ಎನ್ನುತ್ತಿದ್ದರು. ವಾರವಾರ ಮಾಡಲೇಬೇಕು. ಹಿತ್ತಲಲ್ಲಿ ಒಲೆ ಹೂಡಿ, ಬಾಂಡ್ಲಿಯಲ್ಲಿ ಬೀಜ ಹುರಿದು, ಗೋಣಿತಾಟಿನಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ ಒರಳಿಗೆ ಹಾಕುವುದು ಅವ್ವನ ಕೆಲಸ. ಬಿಸಿ ಆರುವ ಮೊದಲೇ ರುಬ್ಬಬೇಕು, ಒಂದು ಹನಿ ನೀರೂ ಬೀಳಬಾರದು, ಬಿದ್ದರೆ ಬೂಸಲು ಹಿಡಿಯುತ್ತದೆ. ಗುಂಡುಕಲ್ಲು ತಿರುಗುತ್ತ ತಿರುಗುತ್ತ ಬೀಜ ಮೊದಲು ತರಿಯಾಗುತ್ತದೆ, ಆಮೇಲೆ ಹಿಟ್ಟು. ಆಮೇಲೆ ಕಲ್ಲಿಗೆ ಕಚ್ಚಿಕೊಂಡು ಮುದ್ದೆಯಾಗುತ್ತದೆ. ಇನ್ನು ಇದು ಆಗುವ ಮಾತಲ್ಲ ಅನ್ನಿಸುವ ಹೊತ್ತಿಗೆ ತನ್ನದೇ ಎಣ್ಣೆ ಬಿಟ್ಟು ಸಡಿಲವಾಗುತ್ತದೆ.

ಆ ಮುದ್ದೆಯ ಹೊತ್ತಿಗೆ ಅವ್ವ ಕೈ ತೆಗೆದು ಎದ್ದು ನಿಲ್ಲಬೇಕು. ಒಣಗಿದ ಪದಾರ್ಥವನ್ನು ನಾವು ಮುಟ್ಟಿದರೆ ಮೈಲಿಗೆ ಇಲ್ಲ, ಹಸಿಯಾದದ್ದನ್ನು ಮುಟ್ಟಿದರೆ ಉಂಟು. ಅಕ್ಕಿ ಕೇರಬಹುದು, ಅನ್ನದ ಹತ್ತಿರ ಸುಳಿಯುವ ಹಾಗಿಲ್ಲ. ಇದು ಅಮ್ಮೋರು ಹುಟ್ಟಿಸಿದ ನಿಯಮವಲ್ಲ, ಎಷ್ಟೋ ಮನೆಗಳಲ್ಲಿ ಇತ್ತು. ಆದರೆ ನೀರೇ ಸೋಕದ ಬೀಜದಲ್ಲಿ ಒಣಗಿದ್ದು ಎಲ್ಲಿ ಮುಗಿದು ಹಸಿ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದವರು ಅವರೇ. ಅವ್ವ "ಕಲ್ಲಿಗೆ ಕಚ್ತಾ ಅದೆ ಅಮ್ಮೋರೇ" ಎಂದು ಕೂಗುತ್ತಿದ್ದಳು. ಅವರು ಸೆರಗು ಬಿಗಿದು ಬರುತ್ತಿದ್ದರು. ಅವ್ವ ಕೂತಿದ್ದ ನೆಲಕ್ಕೆ ನೀರು ಚಿಮುಕಿಸಿ, ಮಣೆ ಹಾಕಿಕೊಂಡು ತಾವು ಕೂರುತ್ತಿದ್ದರು.

ಗುಂಡುಕಲ್ಲನ್ನು ಮಾತ್ರ ತೊಳೆಯುತ್ತಿರಲಿಲ್ಲ. ತೊಳೆದರೆ ಬೆಣ್ಣೆ ಕೆಡುತ್ತದಲ್ಲ. ಅವ್ವನ ಬೆವರು ಹತ್ತಿದ ಅದೇ ಕಲ್ಲನ್ನು ಅವರು ತಿರುಗಿಸುವುದನ್ನು ನೋಡಿದರೆ ನಗು ಬರಬೇಕಿತ್ತು. ನನಗೆ ಬರುತ್ತಿದ್ದುದು ವಾಕರಿಕೆ. ಹುರಿದ ಬೀಜದ ಘಮವೂ ಆ ಮೂಗುಬೊಟ್ಟೂ ಒಟ್ಟಿಗೇ ನೆನಪಾಗಿ, ಇವತ್ತಿಗೂ ಕಡ್ಲೆಕಾಯಿ ಹುರಿಯುವ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ಒಂದು ಸಲ ಕೇಳಿಯೇಬಿಟ್ಟೆ.

"ನೀರೇ ಆಕಿಲ್ವಲ್ಲ ಅಮ್ಮೋರೇ, ಎಲ್ಲಿಂದ ಹಸಿ ಆಯ್ತು?"

ಅವರು ಒರಳೊಳಗೆ ಕಣ್ಣು ಹಾಕಿ, "ಹೊಳೀತಾ ಅದಲ್ಲ, ಅದೇ ಹಸಿ" ಎಂದರು. ಬೊಟ್ಟು ಮೇಲೆ ಹೋಯಿತು. ಆಮೇಲೆ ಅವ್ವನಿಗೆ, ಈ ಹುಡುಗಿಯನ್ನು ಒರಳ ಹತ್ತಿರ ಕರೆತರಬೇಡ, ಓದಲು ಹಾಕು ಎಂದರು. ನನ್ನ ಬಾಯಿ ತಾಳಲಾರದೆ ಹಾಗೆ ಹೇಳಿದರೋ, ನಿಜವಾಗಿ ಓದಲಿ ಎಂದೇ ಹೇಳಿದರೋ ಗೊತ್ತಿಲ್ಲ. ಅವ್ವ ಆ ಮಾತನ್ನು ಹಿಡಿದುಕೊಂಡಳು. ಕೇರಿಯ ಉಳಿದ ಹುಡುಗಿಯರು ಕಳೆ ಕೀಳಲು ಹೋಗುವಾಗ ನಾನು ಸ್ಕೂಲಿಗೆ ಹೋದೆ. ಈ ಋಣ ಇಲ್ಲ ಎನ್ನಲಾರೆ. ಬೇರೆ ಯಾರದಾದರೂ ಆಗಿದ್ದರೆ ಹೊರಲು ಸುಲಭವಾಗುತ್ತಿತ್ತು.

ಮಗುವಿನ ಕೈಗೆ ಏನನ್ನೂ ಕೊಡದೆ ಕಳಿಸುವವರಲ್ಲ ಅವರು. ಬೆಣ್ಣೆ ಆದ ದಿನ ನನಗೂ ಒಂದು ಉಂಡೆ ಸಿಗುತ್ತಿತ್ತು. ಬಾಳೆ ಎಲೆಯ ಚೂರು ನೆಲದ ಮೇಲಿಟ್ಟು ನಾನು ಹಿಂದೆ ಸರಿಯಬೇಕು. ಅವರು ನಿಂತಲ್ಲಿಂದಲೇ ಉಂಡೆ ಬೀಳಿಸುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು ಎಂಬುದೇ ನನಗೆ ಇನ್ನಷ್ಟು ಅಸಹ್ಯ.

ಹೊಸ ಬೀಜ ಬಂದಿದ್ದ ಒಂದು ಬೇಸಿಗೆ ರಜೆಯಲ್ಲಿ, ನಾನೂ ಜೊತೆಗಿದ್ದ ದಿನ, ಅವ್ವನ ಲೆಕ್ಕ ತಪ್ಪಿತು. ಸುಡುಬಿಸಿಲಿಗೆ ಒರಳು ಕಾದಿತ್ತು, ಬೀಜದಲ್ಲಿ ಎಣ್ಣೆ ಜಾಸ್ತಿಯಿತ್ತು. ಮುದ್ದೆ ಕಟ್ಟುವ ಮೊದಲೇ ಎಣ್ಣೆ ಬಿಟ್ಟುಕೊಂಡಿತು. ಅವ್ವ ಕೂಗುವಷ್ಟರಲ್ಲಿ ಅವಳ ಬೆರಳುಗಳಿಗೆಲ್ಲ ಬೆಣ್ಣೆ ಮೆತ್ತಿತ್ತು. ಅಮ್ಮೋರು ಬಂದು ನೋಡಿದರು, ಬೈಯಲಿಲ್ಲ. ಎಲ್ಲವನ್ನೂ ಬಳಿದು ಎಮ್ಮೆಯ ಕಲಗಚ್ಚಿಗೆ ಹಾಕಿಸಿದರು, ಹಾಕಬೇಕಾದವಳೂ ಅವ್ವನೇ. ಎಮ್ಮೆ ತೊಟ್ಟಿ ನೆಕ್ಕಿತು. ಅದರ ಹಾಲನ್ನು ಆ ಮನೆಯವರು ಸಂಜೆ ಕಾಫಿಗೆ ಹಾಕಿ ಕುಡಿದರು. ಎಮ್ಮೆಯ ಹೊಟ್ಟೆ ಹಾದು ಬಂದರೆ ಶುದ್ಧ, ಅವ್ವನ ಬೆರಳು ಹಾದು ಬಂದರೆ ಮೈಲಿಗೆ. ಅವತ್ತು ಅವ್ವ ದಾರಿಯುದ್ದಕ್ಕೂ ಕೈಯನ್ನು ಸೀರೆಗೆ ಒರೆಸುತ್ತಲೇ ಬಂದಳು. ಮನೆಗೆ ಬಂದ ಮೇಲೂ ಒರೆಸುತ್ತಿದ್ದಳು.

ನಾನು ನರ್ಸಿಂಗ್ ಓದಿ ತಿ. ನರಸೀಪುರದಲ್ಲಿ ಕೆಲಸಕ್ಕೆ ಸೇರಿ, ಅವ್ವನನ್ನು ಜೊತೆಗಿಟ್ಟುಕೊಂಡೆ. ಕೆಲವು ವರ್ಷಗಳಲ್ಲಿ ಅಮ್ಮೋರಿಗೆ ಲಕ್ವ ಹೊಡೆಯಿತು. ನಂಜನಗೂಡಿನಲ್ಲಿ ಮಗನ ಮನೆಯಲ್ಲಿದ್ದರು. ಗಟ್ಟಿ ಪದಾರ್ಥ ಗಂಟಲಿಗಿಳಿಯುತ್ತಿರಲಿಲ್ಲ. ಬೀಜದ ಬೆಣ್ಣೆ ಬೇಕೆಂದು ಹಟ ಹಿಡಿದಿದ್ದರಂತೆ. ಸೊಸೆ ಮಿಕ್ಸಿಯಲ್ಲಿ ಮಾಡಿಕೊಟ್ಟರೆ ಸೀದ ವಾಸನೆ ಎಂದು ಉಗಿಯುತ್ತಿದ್ದರು. ಮಗ ಅವ್ವನಿಗೆ ಹೇಳಿಕಳಿಸಿದ. ಹೋಗಬೇಡ ಎಂದು ನಾನು ಜಗಳವಾಡಿದೆ. ಅವ್ವ ಸೀರೆ ಬದಲಿಸಿ ಬಸ್ ಸ್ಟ್ಯಾಂಡಿಗೆ ಹೊರಟಳು, ನಾನೂ ಹಿಂದೆ ಹೋದೆ.

ಊರಿನ ಒರಳನ್ನು ತಂದು ಅಲ್ಲಿನ ಹಿತ್ತಲಲ್ಲಿ ಇಟ್ಟಿದ್ದರು. ಅಮ್ಮೋರು ಪಕ್ಕದ ಮಂಚದ ಮೇಲೆ ಒರಗಿದ್ದರು, ಮುಖದ ಒಂದು ಪಕ್ಕ ಇಳಿಬಿದ್ದಿತ್ತು. ಅವ್ವ ಎಂದಿನಂತೆ ಹುರಿದಳು, ಕೇರಿದಳು, ರುಬ್ಬಿದಳು. ಹಿಟ್ಟು ಮುದ್ದೆ ಕಟ್ಟಿತು.

"ಕಲ್ಲಿಗೆ ಕಚ್ತಾ ಅದೆ ಅಮ್ಮೋರೇ" ಎಂದು ಅವ್ವ ಎದ್ದು ನಿಂತಳು.

ಸೊಸೆಗೆ ಏನೂ ಅರ್ಥವಾಗಲಿಲ್ಲ. ಅಮ್ಮೋರಿಗೆ ಆಯಿತು. ತೊದಲುತ್ತ, "ನೀನೇ ಮುಗ್ಸು, ನಾನ್ ತಿಂತೀನಿ" ಎಂದರು. ಅಷ್ಟು ಮೆತ್ತಗಿನ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಅವ್ವ ಒಪ್ಪಿಬಿಡುತ್ತಾಳೆ ಎಂದು ನನಗೆ ಹೇಸಿಗೆಯೇ ಆಯಿತು.

"ಇನ್ನೇನ್ ಒಳೀತದೆ ಅಮ್ಮೋರೇ, ಅಸಿ ಆಯ್ತದೆ. ನಾನ್ ಮುಟ್ಟಂಗಿಲ್ಲ" ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡಳು. ಸೊಸೆ ಕೂತು ಹೇಗೋ ತಿರುಗಿಸಿದಳು, ತರಿತರಿಯಾಗಿಯೇ ಉಳಿಯಿತು. ಅಮ್ಮೋರು ಮುಖ ಆಚೆ ತಿರುಗಿಸಿದ್ದರು.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವ್ವ ಮಣ್ಣಿಗೆ ಹೋಗಿ, ದೂರದಲ್ಲೇ ನಿಂತು ಅತ್ತು ಬಂದಳು. ಇಷ್ಟು ಅಳುವವಳು ಅವತ್ತು ಅದೊಂದು ಮುದ್ದೆ ರುಬ್ಬಿಕೊಡಬಹುದಿತ್ತಲ್ಲ ಎಂದು ಕೆಣಕಿದೆ.

ಅವ್ವ ಕೈಗಳನ್ನು ಸೀರೆಗೆ ಒರೆಸಿಕೊಂಡಳು.

"ನನ್ ಕೈಲೇ ಎಮ್ಮೆಗೆ ಆಕ್ಸುದ್ರಲ್ಲ ಮಗ" ಎಂದಳು. "ಆ ಕೈಲೇ ಅವ್ರಿಗೂ ತಿನ್ಸು ಅಂದ್ರೆ ಎಂಗೆ?"