ಅಮ್ಮನ ಬೀರುವಿನ ಬೀಗ

ಬೀಗ ರಿಪೇರಿಯವನು ದೇವರನ್ನೂ ನಂಬುವುದಿಲ್ಲ, ದೆವ್ವವನ್ನೂ ನಂಬುವುದಿಲ್ಲ. ಮೂವತ್ತು ವರ್ಷ ಮುರಿದ ಬೀಗಗಳನ್ನು ಬಿಚ್ಚಿ ನೋಡಿದವನಿಗೆ ಸಿಕ್ಕಿದ್ದು ಮನುಷ್ಯರ ಕೈಗುರುತು ಮಾತ್ರ. ಅವನ ಅಣ್ಣನಿಗೋ ಬಾಯಿ ತೆರೆದರೆ ಸೈತಾನ. ಅಮ್ಮ ತೀರಿಕೊಂಡ ದಿನವೇ ಯಾರೋ ಅವಳ ಬೀರು ಮೀಟಿ ಬಳೆ ಕದ್ದಿದ್ದರು. ಆಗಲೂ ಅದೇ ಪುರಾಣ.

"ಯಾರನ್ನೂ ದೂರಬೇಡವೋ. ಸೈತಾನ ಮೈಮೇಲೆ ಬಂದ್ರೆ ಮನುಷ್ಯ ಏನ್ ಮಾಡ್ತಾನೆ?" ತಮ್ಮನ ಬೀಗದಂಗಡಿಯಲ್ಲಿ ಕೂತು ಟೀ ಹೀರುತ್ತ ಅಣ್ಣ ಹೇಳಿದ.

"ಸಾಕು ನಿಲ್ಸು!"

ಬೀರುವಿನ ಬೀಗ ತಮ್ಮನ ಕೈಯಲ್ಲೇ ಇತ್ತು. ಸ್ಕ್ರೂಡ್ರೈವರ್ ಗೀರುಗಳೆಲ್ಲ ಎಡಗೈಯವನು ಮೀಟಿದಂತೆ ಓರೆಯಾಗಿದ್ದವು. ಅವನು ಅಣ್ಣನ ಎಡಗೈಯಲ್ಲಿದ್ದ ಲೋಟವನ್ನೇ ದುರುಗುಟ್ಟಿ ನೋಡಿದ.

"ನಿನ್ನ ಸೈತಾನನೂ ಎಡಚನಾ, ಅಣ್ಣಾ?"

ಅಣ್ಣ ಲೋಟವನ್ನು ಮೆಲ್ಲಗೆ ಬಲಗೈಗೆ ದಾಟಿಸಿದ.